ಬಂದನೋ, ಬಂದಳೋ, ಬಂತೋ: ಮಲೆನಾಡಿನ ಒಂದು ಪ್ರೇಮಕಥೆಗೆ ಬೇಕಾದ ಕ್ರಿಯಾಪದ

ಬೆಳಗಿನ ಜಾವ. ಹೊಸನಗರದ ಕಡೆಯ ಒಂದು ಹಳ್ಳಿ. ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನದ ರಂಗಸ್ಥಳ, ಅದರ ಹಿಂದೆ ಸೋಗೆ ಮರೆಮಾಡಿದ ಚೌಕಿ. ಭಾಗವತರು ಮಂಗಳ ಹಾಡಿ ಇಳಿದಾಗಿದೆ. ಚೌಕಿಯೊಳಗೆ ಮೋಹಿನಿಯ ವೇಷ ಮಾಡಿದ್ದ ಕಲಾವಿದರು ತುರುಬು ಬಿಚ್ಚಿ ಪೆಟ್ಟಿಗೆಯ ಮೇಲಿಟ್ಟು, ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಕೆನ್ನೆಗೆ ಹಚ್ಚುತ್ತಾರೆ. ಬಣ್ಣ ಕರಗಿ ಬೆರಳಿನ ಸಂದಿಗೆ ಇಳಿಯುತ್ತದೆ. ಹಳೇ ಪಂಚೆಯ ತುಂಡಿನಿಂದ ಒರೆಸಿದ ಮೇಲೂ ಕಣ್ಣಿನ ಕಾಡಿಗೆ ಪೂರ್ತಿ ಹೋಗುವುದಿಲ್ಲ, ಹಣೆಯ ಮೇಲೆ ದಾರ ಒತ್ತಿದ ಗುರುತು ಉಳಿಯುತ್ತದೆ. ಒಂಬತ್ತು ಗಂಟೆಯ ಬಸ್ಸು ಹತ್ತುವಾಗಲೂ ಆ ಗುರುತು ಇರುತ್ತದೆ. ಎಷ್ಟೋ ಸಲ ಹತ್ತಿರದಿಂದ ನೋಡಿದ್ದೇನೆ.

ಒಂದು ಪ್ರೇಮಕಥೆ ಇಲ್ಲಿಂದ ಶುರುವಾಗುತ್ತದೆ ಎಂದುಕೊಳ್ಳೋಣ. ಅಡಿಕೆ ಮರಕ್ಕೆ ಒರಗಿ ಒಬ್ಬ ಕಾಯುತ್ತಿದ್ದಾನೆ. ಚೌಕಿಯಿಂದ ಅವನ ಕಡೆಗೆ ಬರುವ ಜೀವ ಕಥೆಯೊಳಗಿನದು. ಬಣ್ಣ ಒರೆಸಿದ ಮೇಲೂ, ಹಗಲಲ್ಲೂ, ಹೆಣ್ಣಾಗಿಯೇ ಬದುಕುವಂಥದು. ಕಥೆಗಾರ ಮುಂದಿನ ವಾಕ್ಯ ಬರೆಯಬೇಕು. ಬಂದನು ಎನ್ನಬೇಕೋ, ಬಂದಳು ಎನ್ನಬೇಕೋ? ಹವ್ಯಕರ ಮನೆಮಾತಿನಲ್ಲಿ ಬರೆಯುವವರಾದರೆ, ಬಂತು ಎನ್ನಬೇಕೋ?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕನ್ನಡದಲ್ಲಿ ಇಂಥ ಕಥೆ ಬರೆಯಲು ಕೂತವರಿಗೆ ಎದುರಾಗುವ ಮೊದಲ ಕಷ್ಟ ಇದೇ. ಸಂಕೋಚ, ಮನೆಯವರ ಭಯ, ಊರಿನ ಬಾಯಿ ಎಲ್ಲ ಆಮೇಲಿನ ಮಾತು. ವಾಕ್ಯದ ಕೊನೆಯ ಎರಡಕ್ಷರ ಬರೆಯುವ ಹೊತ್ತಿಗೆ ಕಥೆಗಾರ ಆ ಜೀವ ಯಾರೆಂಬ ತೀರ್ಪು ಕೊಟ್ಟಾಗಿರುತ್ತದೆ.

ಮುಂದೆ ಹೋಗುವ ಮೊದಲು ಮೂವರನ್ನು ಬೇರೆ ಬೇರೆಯಾಗಿ ನೋಡಬೇಕು. ಊರಿನ ಮಾತು ಇವರನ್ನು ಒಂದೇ ಬುಟ್ಟಿಗೆ ಹಾಕುತ್ತದೆ. ಅಲ್ಲಿಂದಲೇ ಕಥೆಗಳು ಕೆಡುತ್ತವೆ. ಸ್ತ್ರೀವೇಷ ಮಾಡುವ ಕಲಾವಿದ ಒಬ್ಬ. ಗಂಡಾಗಿದ್ದುಕೊಂಡೇ ಗಂಡನ್ನು ಪ್ರೀತಿಸುವವನು ಇನ್ನೊಬ್ಬ. ಗಂಡೆಂದು ಹುಟ್ಟಿನಲ್ಲಿ ಗುರುತಿಸಲ್ಪಟ್ಟರೂ ತಾನು ಹೆಣ್ಣು ಎಂದು ಅರಿತು ಹಾಗೆ ಬಾಳುವ ಮಂಗಳಮುಖಿಯೋ ಜೋಗಪ್ಪನೋ ಮತ್ತೊಬ್ಬರು. ಒಂದೇ ದೇಹದಲ್ಲಿ ಇವರಲ್ಲಿ ಇಬ್ಬರು ಸೇರಿರಬಹುದು, ಸೇರಲೇಬೇಕು ಎಂದಿಲ್ಲ. ಯಕ್ಷಗಾನದ ಸ್ತ್ರೀವೇಷಧಾರಿಗಳಲ್ಲಿ ಬಹುಮಂದಿ ಹೆಂಡತಿ ಮಕ್ಕಳ ಸಂಸಾರಿಗಳು. ಅವರ ನಡಿಗೆ, ಕತ್ತು ಹೊರಳಿಸುವ ರೀತಿ ನೋಡಿ ಬದುಕಿನ ಬಗ್ಗೆ ಕಥೆ ಕಟ್ಟಿದ್ದು ಎಷ್ಟೋ ಮನೆಗಳಿಗೆ ನೋವು ತಂದಿದೆ. ಅದಕ್ಕೇ ಈ ಟಿಪ್ಪಣಿಯಲ್ಲಿ ಯಾವ ಸ್ತ್ರೀವೇಷಧಾರಿಯ ಹೆಸರನ್ನೂ ಎತ್ತುವುದಿಲ್ಲ. ಅವರ ಕಲೆಯನ್ನು ಕುರಿತು ಬರೆಯುವಾಗ ಹೆಸರುಗಳು ಬೇಕು, ಇಲ್ಲಿ ಬೇಡ.

ಆದರೂ ಆಟವನ್ನು ಬಿಟ್ಟು ಈ ಮೂರು ತಾಲ್ಲೂಕುಗಳ ಕಥೆ ಹೇಳಲಾಗುವುದಿಲ್ಲ. ದೀಪಾವಳಿ ಕಳೆದು ಮೇಳಗಳು ಹೊರಟರೆ ಮಂದಾರ್ತಿಯಂಥ ಹರಕೆ ಮೇಳಗಳು ಘಟ್ಟ ಹತ್ತಿ ಮಲೆನಾಡಿಗೆ ಬರುತ್ತವೆ. ಹಿಂದೆ ಕಲಾವಿದರು ಹುಲಿಕಲ್, ಆಗುಂಬೆಯ ಘಾಟಿಗಳನ್ನು ನಡೆದೇ ಹತ್ತುತ್ತಿದ್ದರು, ಪೆಟ್ಟಿಗೆಗಳು ತಲೆಹೊರೆಯಲ್ಲಿ ಬರುತ್ತಿದ್ದವು. ಬಡಗುತಿಟ್ಟಿನ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ, ಆಮೇಲೆ ಪೀಠಿಕಾ ಸ್ತ್ರೀವೇಷ. ಮೇಳಕ್ಕೆ ಸೇರಿದ ಹುಡುಗ ಕಲಿಯುತ್ತ ಏರುವ ಮೆಟ್ಟಿಲುಗಳೂ ಸುಮಾರು ಇವೇ: ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಮೀಸೆ ಬರುವ ಹೊತ್ತಿಗೆ ಸ್ತ್ರೀವೇಷ, ಆನಂತರ ಪುರುಷವೇಷ. ಕೆಲವರು ಸ್ತ್ರೀವೇಷದ ಮೆಟ್ಟಿಲಲ್ಲೇ ನಿಂತು ಅದನ್ನೇ ಬಾಳಿನ ಸಾಧನೆ ಮಾಡಿಕೊಂಡರು. ಅಂದರೆ ಹೆಣ್ಣಾಗುವುದು ಇಲ್ಲಿ ಗಂಡುಮಕ್ಕಳು ಕಲಿಯುವ ಪಾಠದ ಒಂದು ಭಾಗವಾಗಿತ್ತು. ಈಗ ಹೆಣ್ಣುಮಕ್ಕಳೂ ವೇಷ ಕಟ್ಟುತ್ತಾರೆ, ಮಹಿಳೆಯರದೇ ತಂಡಗಳಿವೆ. ಆದರೆ ಇಲ್ಲಿನ ಹಿರಿಯರ ಕಣ್ಣಿನಲ್ಲಿರುವ ದ್ರೌಪದಿ, ದಮಯಂತಿಯರೆಲ್ಲ ಗಂಡಸರ ದೇಹದಿಂದಲೇ ಬಂದವರು.

ಕಥೆಗಾರರು ಗಮನಿಸಬೇಕಾದ ಎರಡು ಪ್ರಸಂಗಗಳಿವೆ. ಒಂದು ಕೀಚಕವಧೆ. ಸೈರಂಧ್ರಿ ಎಂದು ನಂಬಿ ಕೀಚಕ ನಾಟ್ಯಶಾಲೆಯ ಕತ್ತಲಲ್ಲಿ ಕೈಚಾಚುತ್ತಾನೆ, ಅಲ್ಲಿ ಕೂತಿರುವುದು ಹೆಣ್ಣುಡುಗೆಯ ಭೀಮ. ಅದಕ್ಕೆ ಸ್ವಲ್ಪ ಮೊದಲು ಅದೇ ರಂಗಸ್ಥಳದ ಮೇಲೆ ನಿಜವಾದ ಸೈರಂಧ್ರಿ ಇದ್ದಳು, ಅವಳನ್ನು ಆಡಿದ್ದೂ ಗಂಡಸೇ. ಒಬ್ಬ ಗಂಡಸು ಹೆಣ್ಣು, ಇನ್ನೊಬ್ಬ ಗಂಡಸು ಹೆಣ್ಣಿನ ಹಾಗೆ ಸೀರೆ ಉಟ್ಟ ಗಂಡು. ನೋಡುವವರಿಗೆ ಕಿಂಚಿತ್ತೂ ಗೊಂದಲವಿಲ್ಲ. ಸೈರಂಧ್ರಿಗೆ ‘ಬಂದಳು’, ಭೀಮನಿಗೆ ‘ಬಂದನು’. ಎರಡನೆಯದು ಭಸ್ಮಾಸುರ ಮೋಹಿನಿ. ವಿಷ್ಣು ಮೋಹಿನಿಯಾದಾಗ ಯಾರೂ ಅವಳನ್ನು ಗಂಡಿನ ಕ್ರಿಯಾಪದದಲ್ಲಿ ಹೇಳುವುದಿಲ್ಲ. ಭೀಮನದು ಉಡುಗೆ, ಮೋಹಿನಿಯದು ರೂಪ. ಉಡುಗೆ ಬದಲಾದರೆ ಕ್ರಿಯಾಪದ ಬದಲಾಗದು, ರೂಪವೇ ಬದಲಾದರೆ ಬದಲಾಗುತ್ತದೆ. ಆಟ ನೋಡುತ್ತ ಬೆಳೆದ ಯಾವ ಕೃಷಿಕನಿಗೂ ಈ ವ್ಯತ್ಯಾಸ ಕಲಿಸಬೇಕಾಗಿಲ್ಲ. ಇದೇ ವಿವೇಕ ರಂಗಸ್ಥಳದಿಂದ ಮನೆಯಂಗಳಕ್ಕೆ ಯಾಕೆ ಇಳಿಯಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿದ ಪ್ರಶ್ನೆ.

ಈಗ ವ್ಯಾಕರಣಕ್ಕೆ ಬರುತ್ತೇನೆ, ಏಕೆಂದರೆ ಕಥೆಗಾರರಿಗೆ ನಿಜವಾದ ನೆರವು ಅಲ್ಲಿದೆ.

ಕನ್ನಡದಲ್ಲಿ ನಾನು, ನೀನು ಎಂಬವಕ್ಕೆ ಸ್ವಂತ ಲಿಂಗವಿಲ್ಲ. ಶಾಲೆಯ ವ್ಯಾಕರಣ ಇವನ್ನು, ‘ತಾನು’ ಎಂಬುದನ್ನೂ ಸೇರಿಸಿ, ವಾಚ್ಯಲಿಂಗ ಎಂದು ಕರೆಯುತ್ತದೆ. ‘ನಾನು ಬಂದೆ’, ‘ನೀನು ಬಂದೆ’: ಹೇಳಿದವರು ಯಾರು, ಕೇಳಿದವರು ಯಾರು ಎಂದು ಕ್ರಿಯಾಪದ ಬಾಯಿ ಬಿಡುವುದಿಲ್ಲ. ಹಿಂದಿಯವರಿಗೆ ಈ ಸೌಲಭ್ಯವಿಲ್ಲ. ಅಲ್ಲಿ ‘ನಾನು ಬರುತ್ತೇನೆ’ ಎನ್ನಲಿಕ್ಕೂ ಆತಾ ಹೂಂ, ಆತೀ ಹೂಂ ಎಂದು ಆರಿಸಿಕೊಳ್ಳಬೇಕು. ಹಾಗಾಗಿ ಪ್ರೇಮಿಗಳಿಬ್ಬರು ಮಾತಾಡಿಕೊಳ್ಳುವಷ್ಟು ಹೊತ್ತು ಕನ್ನಡ ಅವರನ್ನು ಏನೂ ಕೇಳುವುದಿಲ್ಲ. ನಿರೂಪಕ ಬಾಯಿ ಹಾಕಿದೊಡನೆ ಕೇಳುತ್ತದೆ.

ನಿರೂಪಕನಿಗೂ ದಾರಿಗಳಿವೆ. ಕನ್ನಡದ ವಾಕ್ಯ ಕೊನೆಯ ಕ್ರಿಯಾಪದದ ತನಕ ಲಿಂಗವನ್ನು ಮುಂದೂಡಬಲ್ಲದು. ಬಂದು, ಕೂತು, ಬಳೆ ಸರಿಸಿ, ಎಣ್ಣೆ ಒರೆಸಿ, ನಕ್ಕು — ಎಷ್ಟು ದೂರ ಬೇಕಾದರೂ ಹೋಗಬಹುದು. ನಿಷೇಧರೂಪ ಇನ್ನೂ ಉದಾರಿ. ಹಳೆಯ ಕನ್ನಡದಲ್ಲಿ ಬಾರನು, ಬಾರಳು ಎಂದು ಇಲ್ಲ ಎನ್ನುವುದಕ್ಕೂ ಲಿಂಗವಿತ್ತು. ಹೊಸಗನ್ನಡದಲ್ಲಿ ಅದು ಬಹುಮಟ್ಟಿಗೆ ಉದುರಿ ಹೋಗಿ ‘ಬರಲಿಲ್ಲ’ ಉಳಿಯಿತು. ಬಂದವರಿಗೆ ಲಿಂಗವುಂಟು, ಬಾರದವರಿಗಿಲ್ಲ. ಬೇಕು, ಬೇಡ, ಬಹುದು, ಬಾರದು ಇವಕ್ಕೂ ಇಲ್ಲ. ಬರಲಿಲ್ಲ, ಹೇಳಲಿಲ್ಲ, ನೋಡಬೇಕು, ಮರೆಯಲಾಗದು: ವಿರಹದ ಕಥೆಗೆ ಬೇಕಾದ ಕ್ರಿಯಾಪದಗಳಲ್ಲಿ ಮುಕ್ಕಾಲು ಭಾಗ ಗಂಡು ಹೆಣ್ಣೆಂಬ ಗುರುತಿಲ್ಲದವು. ಇದನ್ನು ಕಂಡುಕೊಂಡ ದಿನ ಒಂದು ಹಾಳೆಯ ತುಂಬ ಬರೀ ‘ಇಲ್ಲ’ಗಳ ವಾಕ್ಯ ಬರೆದು ನೋಡಿದೆ. ಒಂದು ಜೀವ ಇನ್ನೊಂದಕ್ಕಾಗಿ ಇಡೀ ಮಳೆಗಾಲ ಕಾಯಿತು, ಎಲ್ಲೂ ಎಡವಲಿಲ್ಲ.

ಆದರೆ ಈ ಚಾತುರ್ಯವನ್ನೇ ಕಥೆಯ ಗುಟ್ಟು ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಲಿಂಗವನ್ನು ಮರೆಮಾಚಿ, ಕೊನೆಯ ಪುಟದಲ್ಲಿ ಸೀರೆ ಸರಿಸಿ ಬೆಚ್ಚಿಬೀಳಿಸುವ ಕಥೆ ಆ ಜೀವವನ್ನು ಮೋಸಗಾರರ ಸಾಲಿಗೆ ಸೇರಿಸುತ್ತದೆ. ಕೀಚಕನಿಗೆ ಆದದ್ದು ಅದು, ಪ್ರೇಮಿಗೆ ಹಾಗಾಗಬಾರದು. ಮುಂದೂಡುವುದು ಬೇರೆ, ಬಚ್ಚಿಡುವುದು ಬೇರೆ.

‘ಅವರು’ ಎಂಬ ಬಹುವಚನ ಸುಲಭದ ದಾರಿಯಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಈಚೆಗೆ ಒಬ್ಬರಿಗೂ ರೂಢಿಯಾದ ಬಹುವಚನ ಸರ್ವನಾಮವನ್ನು ಹಾಗೇ ಕನ್ನಡಕ್ಕೆ ತಂದರೆ ಸಿಗುವುದೂ ಅದೇ. ಆದರೆ ನಮ್ಮ ‘ಅವರು’ ಗೌರವದ ದೂರವನ್ನು ಜೊತೆಗೇ ತರುತ್ತದೆ. ಇಪ್ಪತ್ತೆರಡು ವರ್ಷದ ಪ್ರೇಮಿಯನ್ನು ಪುಟದುದ್ದಕ್ಕೂ ‘ಅವರು ನಾಚಿದರು’ ಎಂದು ಬರೆದರೆ ಓದುಗರಿಗೆ ಮೇಷ್ಟರು ನಾಚಿದಂತೆ ಕೇಳುತ್ತದೆ. ಅದು ಹೊಂದುವ ಒಂದೇ ಜಾಗ ದಾಂಪತ್ಯ. ‘ನಮ್ಮನೆಯವರು’ ಎಂದು ಹೆಂಡತಿ ಗಂಡನನ್ನು ಹೇಳುವುದುಂಟು, ಗಂಡ ಹೆಂಡತಿಯನ್ನೂ ಹೇಳುವುದುಂಟು. ಆ ಶಬ್ದದಲ್ಲಿ ಮನೆ ಇದೆ, ಲಿಂಗವಿಲ್ಲ.

ಹವ್ಯಕ ಕನ್ನಡ ಇನ್ನೊಂದೇ ಲೋಕ. ಸಾಗರ, ಹೊಸನಗರಗಳ ಹವ್ಯಕರ ಮನೆಗಳಲ್ಲಿ ಗಂಡಿಗೆ ‘ಬಂದ’, ಹೆಣ್ಣಿಗೆ ‘ಬಂತು’. ಅಕ್ಕ ಬಂತು, ಅಮ್ಮ ಹೇಳ್ತು, ಕೂಸು (ಹುಡುಗಿ) ಬರ್ತು. ತಾಯಿಯನ್ನು, ಅಜ್ಜಿಯನ್ನು, ಮೊದಲ ರಾತ್ರಿಯ ಹೆಂಡತಿಯನ್ನು ಹೇಳುವುದೂ ನಪುಂಸಕಲಿಂಗದ ಕ್ರಿಯಾಪದದಲ್ಲೇ. ಶಿಷ್ಟ ಕನ್ನಡದಲ್ಲಿ ಮಂಗಳಮುಖಿಯೊಬ್ಬರನ್ನು ‘ಅದು’ ಎಂದರೆ ಕೆನ್ನೆಗೆ ಹೊಡೆದಂತೆ. ಅಂಗಡಿ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ ಅವರು ದಿನವೂ ಕೇಳುವ ಅವಮಾನ ಅದು. ಅದೇ ‘ಅದು’ ಹವ್ಯಕರ ಅಡುಗೆಮನೆಯಲ್ಲಿ ಅಮ್ಮನಿಗೆ ಸಲ್ಲುವ ಮಾತು. ಹಾಗಾದರೆ ಹವ್ಯಕ ಮನೆಯ ಮಾಣಿಯೊಬ್ಬ ಹೆಣ್ಣಾಗಿ ಬಾಳಲು ಹೊರಟಾಗ, ಮನೆಯಲ್ಲಿ ಯಾರೋ ಒಬ್ಬರು ಮೊದಲ ಸಲ ‘ಬಂದ’ ಬಿಟ್ಟು ‘ಬಂತು’ ಅಂದರೆ ಏನರ್ಥ? ತಂಗಿ ಹಾಗಂದರೆ ಒಪ್ಪಿಗೆ, ದಾಯಾದಿ ಹಾಗಂದರೆ ಹೀಯಾಳಿಕೆ. ಶಬ್ದ ಒಂದೇ. ದನಿಯಲ್ಲಿ ಮಾತ್ರ ಗೊತ್ತಾಗುವ ವ್ಯತ್ಯಾಸ. ಇದರ ಮೇಲೆ ಒಂದು ಇಡೀ ಕಥೆ ನಿಲ್ಲಿಸಬಹುದು.

ಇದಕ್ಕೆ ಇನ್ನೊಂದು ಮಡಿಕೆಯಿದೆ. ವೇಷ ಎಂಬ ಶಬ್ದ ಎಲ್ಲ ಕನ್ನಡದಲ್ಲೂ ನಪುಂಸಕ. ರಾಜವೇಷ ಬಂತು, ಬಣ್ಣದ ವೇಷ ಬಂತು, ಸ್ತ್ರೀವೇಷ ಬಂತು. ರಂಗಸ್ಥಳದ ಎದುರು ಚಾಪೆ ಹಾಸಿ ಕೂತ ಹವ್ಯಕ ಅಜ್ಜಿ ‘ಎಷ್ಟು ಚಂದ ಬಂತು’ ಎಂದರೆ ಅದು ವೇಷಕ್ಕೂ ಆಯಿತು, ಮೋಹಿನಿಗೂ ಆಯಿತು. ಶಿಷ್ಟ ಕನ್ನಡದಲ್ಲಿ ಬೇರೆ ಬೇರೆಯಾಗಿ ನಿಲ್ಲುವ ಇವೆರಡು ಅವಳ ಬಾಯಲ್ಲಿ ಒಂದಾಗುತ್ತವೆ. ಈ ಊರುಗಳ ಕಥೆಗಾರರಿಗೆ ಇಂಥ ಸಂಪತ್ತು ಕೈಯಳತೆಯಲ್ಲಿದೆ.

ಇನ್ನು ಆಗಲೇ ಬರೆದದ್ದರ ಕಡೆ ನೋಡಬೇಕು. ಈ ಮೂರು ತಾಲ್ಲೂಕುಗಳು ಸಾಹಿತ್ಯಕ್ಕೆ ಬಡವಲ್ಲ: ಕುಪ್ಪಳಿಯ ಕುವೆಂಪು, ಮೇಳಿಗೆಯ ಅನಂತಮೂರ್ತಿ, ‘ಫಣಿಯಮ್ಮ’ ಬರೆದ ತೀರ್ಥಹಳ್ಳಿಯ ಎಂ.ಕೆ. ಇಂದಿರಾ, ಶರಾವತಿಯ ಮುಳುಗಡೆಯನ್ನು ಬರೆದ ಸಾಗರದ ನಾ. ಡಿಸೋಜ. ಜಾತಿ, ವೈಧವ್ಯ, ನೆಲ ಕಳೆದುಕೊಂಡ ದುಃಖ ಎಲ್ಲ ಕಾದಂಬರಿಗಳಾದವು. ಗಂಡು ಗಂಡಿನ ಪ್ರೇಮಕ್ಕೆ ಕನ್ನಡ ಕಥೆಯಲ್ಲಿ ದೊಡ್ಡ ಬಾಗಿಲು ತೆರೆದದ್ದು ಸಂಡೂರಿನ ವಸುಧೇಂದ್ರ. ಅವರ ‘ಮೋಹನಸ್ವಾಮಿ’ ಸಂಕಲನ ಬಂದದ್ದು 2013ರಲ್ಲಿ. ಅದರಲ್ಲಿನ ಒಂದು ಕಥೆ ಅದಕ್ಕೂ ಮೊದಲು ‘ದೇಶಕಾಲ’ ಪತ್ರಿಕೆಯಲ್ಲಿ ಗುಪ್ತನಾಮದಲ್ಲಿ ಅಚ್ಚಾಗಿತ್ತು. ಪುಸ್ತಕ ಬಂದ ವರ್ಷವೇ, ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಉಳಿಸಿತು. ವಯಸ್ಕರ ಸಮ್ಮತಿಯ ಸಂಬಂಧದ ಮಟ್ಟಿಗೆ ಅದು ಬಿದ್ದದ್ದು 2018ರ ಸೆಪ್ಟೆಂಬರ್ 6ಕ್ಕೆ. ಆ ಐದು ವರ್ಷ ಪುಸ್ತಕದ ನಾಯಕ ಕಾನೂನಿನ ಕಣ್ಣಿನಲ್ಲಿ ಅಪರಾಧಿಯಾಗಿದ್ದುಕೊಂಡೇ ಓದುಗರ ಮನೆಗಳಲ್ಲಿ ಓಡಾಡಿದ. ಆದರೆ ಮೋಹನಸ್ವಾಮಿ ತನ್ನನ್ನು ಗಂಡೆಂದೇ ಅರಿತವನು. ಅವನ ಸಂಕಟ ದೊಡ್ಡದು, ಅವನ ಕ್ರಿಯಾಪದಕ್ಕೆ ಸಂಕಟವಿಲ್ಲ.

ಹೆಣ್ಣಾಗಿ ಬಾಳುವವರ ಬದುಕು ಕನ್ನಡಕ್ಕೆ ಬಂದದ್ದು ಕಥೆಯಾಗಿ ಅಲ್ಲ, ಆತ್ಮಕಥೆಯಾಗಿ. ಎ. ರೇವತಿಯವರ ಬದುಕನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಿಸಿದರು. ಅದನ್ನು ರಂಗಕ್ಕೆ ತಂದದ್ದು ಇದೇ ಸಾಗರ ತಾಲ್ಲೂಕಿನ ಹೆಗ್ಗೋಡಿನ ‘ಜನಮನದಾಟ’ ತಂಡ, ಎಂ. ಗಣೇಶ್ ನಿರ್ದೇಶನದಲ್ಲಿ. 1949ರಲ್ಲಿ ನೀನಾಸಂ ಹುಟ್ಟಿದ ಊರಿಂದ ಇಂಥ ನಾಟಕ ಹೊರಟು ಊರೂರು ತಿರುಗಿತು ಎಂಬುದು ನನಗೆ ಹೆಮ್ಮೆಯ ವಿಷಯ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆಯಿಂದ ಬಿ.ಎಸ್. ಲಿಂಗದೇವರು ಮಾಡಿದ ಚಿತ್ರ ‘ನಾನು ಅವನಲ್ಲ, ಅವಳು’. ಅದರ ನಟನೆಗೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಶೀರ್ಷಿಕೆಯಲ್ಲಿರುವುದು ಮೂರು ಸರ್ವನಾಮ ಮತ್ತು ಒಂದು ನಿಷೇಧ. ಜೋಗತಿ ಮಂಜಮ್ಮನವರ ಜೀವನವನ್ನು ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಪುಸ್ತಕ ‘ನಡುವೆ ಸುಳಿವ ಹೆಣ್ಣು’. ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು, 2021ರ ಪದ್ಮಶ್ರೀ ಪಡೆದವರು.

ಆತ್ಮಕಥೆಯೇ ಯಾಕೆ ಮೊದಲು ಬಂತು? ಹೋರಾಟಕ್ಕೆ ಸಾಕ್ಷ್ಯ ಬೇಕಿತ್ತು ಎಂಬುದು ಎಲ್ಲರೂ ಕೊಡುವ ಉತ್ತರ, ಸರಿಯಾದದ್ದೇ. ಅದರ ಜೊತೆಗೆ ಭಾಷೆಯ ಕಾರಣವೊಂದನ್ನು ನಾನು ಸೇರಿಸುತ್ತೇನೆ. ‘ನಾನು’ ಎಂದು ಶುರುಮಾಡಿದರೆ ಬಾಲ್ಯದ ಗಂಡುಹೆಸರಿನಿಂದ ಇವತ್ತಿನ ಸೀರೆಯವರೆಗೆ ಒಂದೇ ಕ್ರಿಯಾಪದದಲ್ಲಿ ನಡೆದು ಬರಬಹುದು. ‘ಬಂದೆ’ ಯಾವತ್ತೂ ಬದಲಾಗುವುದಿಲ್ಲ. ಹಿಂದೆಯೂ ಹೀಗೇ. ಹನ್ನೆರಡನೇ ಶತಮಾನದ ಶರಣರು ಶರಣ ಸತಿ, ಲಿಂಗ ಪತಿ ಎಂಬ ಭಾವದಲ್ಲಿ ನುಡಿದರು. ಉರಿಲಿಂಗದೇವ ಗಂಡನಿಗಾಗಿ ಕಾತರಿಸುವ ಹೆಣ್ಣಾಗಿ ಮಾತಾಡಿದ. ಆ ಮಾತುಗಳು ಸಾಧ್ಯವಾದದ್ದು ಉತ್ತಮ ಪುರುಷದಲ್ಲಿ. ಪಕ್ಕದಲ್ಲಿ ನಿಂತು ಇನ್ನೊಬ್ಬರು ಆ ಪ್ರೇಮವನ್ನು ಹೇಳಬೇಕಾಗಿ ಬಂದಿದ್ದರೆ ಬೇರೆಯೇ ಪಾಡಾಗುತ್ತಿತ್ತು. ಕನ್ನಡದಲ್ಲಿ ಇನ್ನೂ ಕಟ್ಟಬೇಕಾಗಿರುವುದು ಆ ಪಕ್ಕದ ನಿರೂಪಕನನ್ನು, ‘ಅವಳು’ ಎಂದು ಬೇರೆಯವರ ಬಾಯಿಂದ ಪ್ರೀತಿಯಿಂದ ಹೇಳಿಸುವ ಗದ್ಯವನ್ನು.

ಜೋಗಪ್ಪರ ವಿಚಾರ ಚುಟುಕಾಗಿ ಹೇಳುತ್ತೇನೆ. ಸಾಗರದ ನೆರೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಸನ್ನಿಧಿಗೆ ಜೋಗತಿ, ಜೋಗಪ್ಪರು ಬರುವುದು ಹಳೆಯ ರೂಢಿ. ಜಾತ್ರೆಗೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದ ಮಲೆನಾಡಿನವರಿಗೆ ಚೌಡಿಕೆಯ ದನಿ, ಜಡೆಗಟ್ಟಿದ ತಲೆ, ಹಣೆ ತುಂಬ ಭಂಡಾರ ಹೊಸದಲ್ಲ. ಮುತ್ತು ಕಟ್ಟಿಸಿಕೊಂಡ ಜೋಗಪ್ಪನ ಮೇಲೆ ಮೊದಲ ಹಕ್ಕು ದೇವಿಯದು. ಅವರನ್ನು ಪ್ರೇಮಕಥೆಯ ನಾಯಕಿ ಮಾಡುವವರು ಈ ಮೂರನೆಯ ಪಾತ್ರವನ್ನು ಹೊರಗೆ ನಿಲ್ಲಿಸಲಾರರು.

ಕಥೆಯ ಜಾತಿ ಯಾವುದೆಂಬ ಪ್ರಶ್ನೆ ಉಳಿದಿದೆ. ಹೊರಗಿನ ಪುಸ್ತಕದಂಗಡಿಗಳಲ್ಲಿ ಗಂಡು ಗಂಡಿನ ಪ್ರೇಮಕಥೆಗೆ ಬೇರೆ ಕಪಾಟೇ ಇದೆ, ಸುಖಾಂತ್ಯ ಅದರ ಒಪ್ಪಂದ. ಹೆಣ್ಣಾಗಿ ಬಾಳುವವರ ಕಥೆಯನ್ನೂ ಅಲ್ಲಿಗೇ ತುರುಕಲಾಗುತ್ತದೆ. ಸಲಿಂಗಕಾಮ ಎಂಬ ಶಬ್ದಕ್ಕಿಂತ ಸಲಿಂಗಪ್ರೇಮ ಮೇಲು, ಕಥೆಗೆ ಬೇಕಾದದ್ದು ಅದೇ. ಆದರೆ ಪಾತ್ರ ತಾನು ಹೆಣ್ಣು ಎಂದರೆ ಅದು ಸಲಿಂಗಪ್ರೇಮವೂ ಆಗುವುದಿಲ್ಲ. ಒಂದು ಗಂಡು, ಒಂದು ಹೆಣ್ಣು, ಅಷ್ಟೇ. 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಲಿಂಗದ ಗುರುತನ್ನು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. ಕಥೆಗಾರರೂ ಅಷ್ಟು ಮಾಡಬೇಕು: ಬರೆಯುವ ಮೊದಲು ಪಾತ್ರವನ್ನು ಕೇಳಬೇಕು. ಗಂಡಾಗಿಯೇ ಉಳಿದು ಸೀರೆಯನ್ನು ಇಷ್ಟಪಡುವವನು ಉತ್ತರ ಕೊಟ್ಟರೆ ‘ಬಂದನು’, ಹೆಣ್ಣು ಉತ್ತರ ಕೊಟ್ಟರೆ ‘ಬಂದಳು’. ಎರಡನ್ನೂ ಹೇಳದೆ ನಿಂತರೆ ‘ಬರಲಿಲ್ಲ’ದ ದಾರಿ ಇದೆಯಲ್ಲ, ಅಲ್ಲಿಯ ತನಕ ಕಾಯಬಹುದು.

ಸುಖಾಂತ್ಯದ ಬಗ್ಗೆ ನನ್ನ ನಿಲುವು ಸ್ಪಷ್ಟ. ಕೊನೆಯಲ್ಲಿ ಹೊಳೆಗೆ ಹಾರಿಸುವುದು, ಬೆಂಗಳೂರಿನ ಬಸ್ಸು ಹತ್ತಿಸುವುದು ನಮ್ಮ ಕಥೆಗಾರರ ಕೈಗೆ ಬೇಗ ಒದಗುವ ಮುಕ್ತಾಯಗಳು. ತುಂಗೆಯೂ ಶರಾವತಿಯೂ ಕಥೆಗಳಲ್ಲಿ ಸಾಕಷ್ಟು ಹೆಣಗಳನ್ನು ಹೊತ್ತಿವೆ. ಊರಲ್ಲೇ ಉಳಿಯುವ ಕಥೆ ಬರೆಯುವುದು ಕಷ್ಟ, ಯಾಕೆಂದರೆ ಆಗ ಬಾಡಿಗೆ ಮನೆ ಕೊಡುವವರು ಯಾರು, ಪಡಿತರ ಚೀಟಿಯಲ್ಲಿ ಯಾವ ಹೆಸರು, ಅಡಿಕೆ ಸುಲಿಯುವ ಸಾಲಿನಲ್ಲಿ ಕೂರುವುದು ಹೆಂಗಸರ ಕಡೆಯೋ ಗಂಡಸರ ಕಡೆಯೋ ಎಂದೆಲ್ಲ ಯೋಚಿಸಬೇಕಾಗುತ್ತದೆ. ಅಡಿಕೆ ಸುಲಿಯುವ ಜಾಗ ಕಥೆಗೆ ಬಹಳ ಒಳ್ಳೆಯದು. ಮೆಟ್ಟುಗತ್ತಿಯ ಮೇಲೆ ಕೂತು ರಾತ್ರಿ ಹನ್ನೊಂದರ ತನಕ ಕೈಯಾಡಿಸುತ್ತ ಊರಿನ ಎಲ್ಲರ ಸುದ್ದಿಯೂ ಅಲ್ಲಿ ಆಗುತ್ತದೆ. ಅಲ್ಲಿ ಯಾರನ್ನು ಯಾವ ಕ್ರಿಯಾಪದದಲ್ಲಿ ಹೇಳಿದರು ಎಂಬುದೇ ಊರಿನ ತೀರ್ಪು.

ಅಡಿಕೆ ಮರಕ್ಕೆ ಒರಗಿದವನಿಗೆ ವಾಪಸು ಹೋಗುತ್ತೇನೆ. ವರ್ಷಗಳು ಕಳೆದಿವೆ ಎಂದಿಟ್ಟುಕೊಳ್ಳೋಣ. ಸಾಗರದ ಪೇಟೆಯಲ್ಲಿ ಎರಡು ಕೋಣೆಯ ಮನೆ, ಮಳೆಗಾಲ, ಮೇಳಕ್ಕೆ ರಜೆ. ಕರೆಂಟು ಬಿಲ್ಲಿನವನು ಬಾಗಿಲು ತಟ್ಟಿ ಯಜಮಾನರಿಲ್ಲವೇ ಎಂದು ಕೇಳುತ್ತಾನೆ. ಒಳಗಿಂದ ಬಂದ ಉತ್ತರವನ್ನು ಬರೆದು ನೋಡಿದ್ದೇನೆ: ‘ನಮ್ಮನೆಯವರು ಇನ್ನೂ ಬರಲಿಲ್ಲ.’